ಬರಿಗೈ ಮಾರಾಟದ ಕರಡು

ಮಾರ್ಚ್ ೩, ಸೋಮವಾರ

ನನ್ನ ಗಂಡ ಇವತ್ತು ಬೆಳಗ್ಗೆ ತನ್ನ ಅಕ್ಕನ ಮನೆಗೆ ಹೋದ. ಒಂದು ಸೂಟ್‌ಕೇಸು, ಒಂದು ಕೊಡೆ, ಅರ್ಧ ಓದಿದ ಪುಸ್ತಕ. ಜಗಳವಾಡಿ ಹೋದದ್ದಲ್ಲ, ನಗುನಗುತ್ತಲೇ ಹೋದ. ಎದುರು ಮನೆಯಾಕೆಗೆ ಹಾಗೆ ಕಂಡಿರಲಾರದು. ಕಿಟಕಿಯಲ್ಲಿ ನಿಂತಿದ್ದ ಆಕೆಯ ಮುಖದಲ್ಲಿ ಒಂದು ವಾರಕ್ಕಾಗುವಷ್ಟು ಮಾತಿತ್ತು.

ಕಾರಣ ಇಷ್ಟೇ. ಷೇರು ಮಾರುಕಟ್ಟೆಯ ನಿಯಂತ್ರಣ ಕಚೇರಿಯಲ್ಲಿ ನಿಯಮಗಳ ಕರಡು ಬರೆಯುವುದು ನನ್ನ ಕೆಲಸ. ಅವನು ಒಂದು ದಲ್ಲಾಳಿ ಸಂಸ್ಥೆಯಲ್ಲಿ ಷೇರುಗಳನ್ನು ಎರವಲು ಕೊಡುವ ವಿಭಾಗದ ಮುಖ್ಯಸ್ಥ. ಈಗ ನಾನು ಬರೆಯಬೇಕಾದ ನಿಯಮ ನೇರವಾಗಿ ಅವನ ಮೇಜಿನ ಮೇಲೇ ಹೋಗಿ ಬೀಳುವಂಥದ್ದು. ಇಂಥ ಹೊತ್ತಿನಲ್ಲಿ ನಮ್ಮ ಕಚೇರಿಯ ಕಟ್ಟಳೆ ಬಿಗಿಯಾಗಿದೆ. ಕರಡನ್ನು ಬೇರೆಯವರಿಗೆ ಬಿಟ್ಟುಕೊಡಬೇಕು, ಇಲ್ಲವೇ ನಿಯಮ ಪ್ರಕಟವಾಗುವವರೆಗೆ ಆ ಸಂಬಂಧಿಯಿಂದ ದೂರ ಇರಬೇಕು. ಭೇಟಿ ಇಲ್ಲ, ಫೋನ್ ಇಲ್ಲ, ಮೂರನೆಯವರ ಮೂಲಕ ಸುದ್ದಿಯೂ ಇಲ್ಲ. ಇದನ್ನೆಲ್ಲ ಕಾಯುವ ಅಧಿಕಾರಿಗೆ ನಾವು ಇಟ್ಟ ಹೆಸರು ಗೆರೆ ಸಾಹೇಬರು. ಮಾತೆತ್ತಿದರೆ "ಗೆರೆ ದಾಟಬೇಡಿ" ಎನ್ನುತ್ತಾರೆ.

ಕರಡು ನನಗೇ ಬೇಕು ಎಂದೆ. ಇಂಥ ನಿಯಮ ಬರೆಯುವ ಅವಕಾಶ ದಿನಾ ಬಾಗಿಲು ತಟ್ಟುವುದಿಲ್ಲ. ಮೊನ್ನೆ ರಾತ್ರಿ ಊಟದ ಹೊತ್ತಿಗೆ ಅವನಿಗೆ ಹೇಳಿದಾಗ ತಟ್ಟೆಯಿಂದ ತಲೆ ಎತ್ತದೆ ಕೇಳಿದ, "ಎಷ್ಟು ದಿನ?"

"ಒಂದೂವರೆ ತಿಂಗಳು. ಹೆಚ್ಚು ಅಂದ್ರೆ."

"ನಿನ್ನ ಒಂದೂವರೆ ತಿಂಗಳಾ, ಕ್ಯಾಲೆಂಡರಿನ ಒಂದೂವರೆ ತಿಂಗಳಾ?"

ಕೆಣಕುವುದರಲ್ಲಿ ಅವನದು ಎತ್ತಿದ ಕೈ. ಏಪ್ರಿಲ್ ಮಧ್ಯಕ್ಕೆ ಖಂಡಿತ ಮುಗಿಯುತ್ತದೆ. ಅಲ್ಲಿಯವರೆಗೆ ಸ್ನಾನದ ಮನೆಯಲ್ಲಿ ಸಿಳ್ಳೆ ಹಾಕುವವರಿಲ್ಲ, ನಾನೂ ನೆಮ್ಮದಿಯಾಗಿ ಬರೆಯಬಹುದು.

ಮಾರ್ಚ್ ೯, ಭಾನುವಾರ

ಅಮ್ಮ ಫೋನ್ ಮಾಡಿದ್ದಳು. "ಏನೇ ಅದು ಅಂಥಾ ಘನಂದಾರಿ ಕೆಲಸ, ಗಂಡನ್ನ ಮನೆಯಿಂದ ಕಳಿಸೋವಂಥದ್ದು?"

ತಾಳ್ಮೆಯಿಂದ ಬಿಡಿಸಿ ಹೇಳಿದೆ. "ಒಂದು ಷೇರಿನ ಬೆಲೆ ಇಳಿಯುತ್ತೆ ಅಂತ ಒಬ್ಬನಿಗೆ ಅನ್ನಿಸ್ತು ಅಂದ್ಕೊ. ಅವನು ಅದನ್ನ ಯಾರ ಹತ್ರಾನೋ ಎರವಲು ತಗೊಂಡು ಇವತ್ತೇ ಮಾರ್ತಾನೆ. ಬೆಲೆ ಇಳಿದ ಮೇಲೆ ಕಡಿಮೆಗೆ ಕೊಂಡು ವಾಪಸ್ ಕೊಡ್ತಾನೆ. ಅದು ತಪ್ಪಲ್ಲ. ಕೆಲವರು ಎರವಲೂ ತಗೊಳ್ಳದೆ, ಕೈಲಿ ಇಲ್ಲದ್ದನ್ನೇ ಮಾರಿಬಿಡ್ತಾರೆ. ಕೊಂಡವನು ಬಂದು ಕೊಡಪ್ಪಾ ಅಂದಾಗ ಇವನ ಹತ್ರ ಏನೂ ಇರಲ್ಲ. ಅದಕ್ಕೆ ಬರಿಗೈ ಮಾರಾಟ ಅಂತೀವಿ. ಅದಕ್ಕೊಂದು ಕಡಿವಾಣ ಹಾಕೋ ನಿಯಮ ಇದು."

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ."

"ಕುಲಾವಿ ಹೊಲಿಸಿದ್ರೆ ಪರವಾಗಿಲ್ಲಮ್ಮ. ಇವರು ಹುಟ್ಟದ ಕೂಸಿಗೆ ಮದುವೆನೇ ಮಾಡಿಬಿಡ್ತಾರೆ."

ಅಮ್ಮ ನಕ್ಕಳು. ಆಮೇಲೆ ಕೇಳಿದಳು, "ಗಂಡನ ಹತ್ರ ಮಾತಾಡದೆ ಇರೋದಕ್ಕೆ ನಿಮ್ಮಲ್ಲಿ ಸಂಬಳ ಬೇರೆ ಕೊಡ್ತಾರಾ? ನಮ್ಮ ಕಾಲದಲ್ಲಿ ನಾವು ಪುಕ್ಕಟೆ ಮಾಡ್ತಿದ್ವಿ."

ಅವಳು ಅಳಿಯನೊಂದಿಗೆ ಎಷ್ಟು ಬೇಕಾದರೂ ಮಾತಾಡಲಿ, ಆದರೆ ಅವನ ವಿಷಯ ನನ್ನ ಮುಂದೆ ಒಂದಕ್ಷರವೂ ಎತ್ತಕೂಡದು ಎಂದು ಕಟ್ಟುನಿಟ್ಟು ಮಾಡಿದೆ. ಆಣೆ ಹಾಕಿಸಿಕೊಂಡೇ ಬಿಟ್ಟೆ. ಅವಳನ್ನು ಇವತ್ತು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗುವುದಿತ್ತು. ಮುಂದಿನ ಭಾನುವಾರ ತಪ್ಪದೆ ಬರುತ್ತೇನೆ ಎಂದೆ.

"ಆಗಲಿ ಬಿಡು. ಕಣ್ಣು ಎಲ್ಲೂ ಓಡಿಹೋಗಲ್ಲ" ಎಂದಳು.

ಮಾರ್ಚ್ ೨೦, ಗುರುವಾರ

ಸಮಿತಿಯಲ್ಲಿ ಎತ್ತು ಏರಿಗೆ, ಕೋಣ ನೀರಿಗೆ. ಜಗಳವೆಲ್ಲ ಒಂದೇ ಸಾಲಿನ ಮೇಲೆ. ಷೇರು ಮಾರುವವನು ಅದನ್ನು ಮೊದಲೇ ತನ್ನ ಹೆಸರಿಗೆ ತೆಗೆದಿರಿಸಿಕೊಂಡಿರಬೇಕೇ, ಅಥವಾ ಬೇಕೆಂದಾಗ ಎರವಲು ಸಿಗುತ್ತದೆ ಎಂಬ ನಂಬಿಕೆ ಇದ್ದರೆ ಸಾಕೇ?

ಲೆಕ್ಕ ತಪಾಸಣೆಯವರು ತೆಗೆದಿರಿಸಲೇಬೇಕು ಎಂದು ಮೇಜು ಗುದ್ದಿದರು. ನಾನು ಒಪ್ಪಲಿಲ್ಲ. ಎಲ್ಲವನ್ನೂ ಮೊದಲೇ ಕೈಯಲ್ಲಿ ಹಿಡಿದುಕೊಂಡೇ ಮಾತು ಕೊಡಬೇಕು ಎಂದರೆ ಜಗತ್ತು ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ವ್ಯಾಪಾರ ನಡೆಯುವುದು ನಂಬಿಕೆಯ ಮೇಲೆ. ನಾಳೆ ಕೊಡುತ್ತೇನೆ ಎಂದವನು ಸಾಮಾನ್ಯವಾಗಿ ಕೊಡುತ್ತಾನೆ. ನನ್ನ ಕರಡಿನಲ್ಲಿ "ಸಿಗುವುದೆಂಬ ಸಕಾರಣ ನಂಬಿಕೆ" ಎಂದು ಬರೆದಿದ್ದೇನೆ. ಚೆನ್ನಾದ ಪದಗಳು.

ಮನೆಗೆ ಬಂದು ಪತ್ರಿಕೆಯ ಪದಬಂಧ ಬಿಡಿಸಲು ಕೂತೆ. ಇಷ್ಟು ವರ್ಷ ಅವನು ಎಲ್ಲವನ್ನೂ ತುಂಬಿಸಿಟ್ಟುಬಿಡುತ್ತಾನೆ ಎಂದು ಗೊಣಗುತ್ತಿದ್ದೆ. ಇವತ್ತು ಪೂರ್ತಿ ಪದಬಂಧ ನನ್ನದೇ. ಅರ್ಧ ತುಂಬಿಸಿ, ಇನ್ನರ್ಧ ಅವನಿಗೆ ಬಿಟ್ಟವಳಂತೆ ಪೆನ್ನು ಕೆಳಗಿಟ್ಟೆ.

ಏಪ್ರಿಲ್ ೪, ಶುಕ್ರವಾರ

ಕಚೇರಿಯಿಂದ ಬರುವಾಗ ಒಂದು ರಸ್ತೆ ಸುತ್ತು ಹಾಕಿ ಅವನ ಸಂಸ್ಥೆಯ ಎದುರಿನಿಂದ ಬಂದೆ. ಔಷಧಿ ಅಂಗಡಿಯ ಪಕ್ಕ ನಿಂತರೆ ನಾಲ್ಕನೆಯ ಮಹಡಿಯ ಮೂಲೆಯ ಕಿಟಕಿ ಕಾಣುತ್ತದೆ. ಅದು ಅವನದು. ಒಳಗೆ ಯಾರೋ ಎದ್ದು ಓಡಾಡಿದರು. ಅವನೇ ಇರಬೇಕು, ಫೋನಿನಲ್ಲಿ ಮಾತಾಡುವಾಗ ಅವನು ಕೂತಲ್ಲಿ ಕೂರುವವನಲ್ಲ.

ಮನಸ್ಸು ತಡೆಯದೆ ಬೆಳಗ್ಗೆಯೇ ಗೆರೆ ಸಾಹೇಬರನ್ನು ಕೇಳಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಪುಸ್ತಕ ತಿರುವಿ ಹೇಳಿದರು, "ಕಟ್ಟಡ ನೋಡೋದು ಸಂಪರ್ಕ ಅಲ್ಲ ಮೇಡಂ. ಕೈ ಬೀಸಿದ್ರೆ ಸಂಪರ್ಕ."

ನಾನು ಕೈಗಳನ್ನು ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದೆ.

ಏಪ್ರಿಲ್ ೧೭, ಗುರುವಾರ

ಎಲ್ಲ ಮುಗಿಯಿತು ಎನ್ನುವಾಗ ಮಂಡಳಿಗೆ ಹೊಸ ಅಧ್ಯಕ್ಷರು ಬಂದರು. ಬಂದವರಿಗೆ ಬಹಿರಂಗ ವಿಚಾರಣೆ ಬೇಕಂತೆ. ಸಂಸ್ಥೆಗಳವರನ್ನೆಲ್ಲ ಕರೆಸಿ ಕೇಳಬೇಕಂತೆ. ಜೂನ್‌ವರೆಗೆ ಮುಂದೆ ಹೋಯಿತು.

ನಿರ್ದೇಶಕಿ ಒಳಗೆ ಕರೆದು ಬಾಗಿಲು ಹಾಕಿದರು. "ನೋಡಿ, ಇಷ್ಟು ದಿನ ಬೇರೆ ಇದ್ದದ್ದೇ ದೊಡ್ಡದು. ಬೇಕಾದ್ರೆ ಕರಡನ್ನ ಬೇರೆಯವರಿಗೆ ಕೊಡ್ತೀನಿ. ಇವತ್ತು ಸಂಜೆನೇ ಅವರನ್ನ ಮನೆಗೆ ಕರ್ಕೊಂಡು ಬನ್ನಿ. ಯಾರೂ ಏನೂ ಅಂದ್ಕೊಳ್ಳಲ್ಲ."

ಬೇಡ ಎಂದೆ. ಥಟ್ಟನೆ ಬಂತು ಬಾಯಿಂದ. ಇಷ್ಟು ದೂರ ತಂದದ್ದನ್ನು ದಡದಲ್ಲಿ ಬಿಡಲು ಮನಸ್ಸಾಗಲಿಲ್ಲ. ಅವನಿಗೆ ಇದು ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಬಂದ ಮೇಲೆ ಹೇಳುತ್ತೇನೆ.

ಮನೆಗೆ ಬಂದೆ. ದೀಪ ಹಾಕಿದೆ. ಬಾಗಿಲ ಚಿಲಕ ಹಾಕಿದ ಮೇಲೆ "ಚಿಲಕ ಹಾಕಿದ್ಯಾ?" ಎಂದು ಕೇಳುವ ಅವನ ಚಾಳಿ ಎಷ್ಟು ಸಲ ನನಗೆ ಸಿಟ್ಟು ತರಿಸಿಲ್ಲ! ಕಣ್ಣೆದುರೇ ಹಾಕಿದರೂ ಕೇಳುತ್ತಿದ್ದ. ಇವತ್ತು ಹಾಕಿದೆ, ನಿಂತೆ, ಯಾರೂ ಕೇಳಲಿಲ್ಲ. ಅವನು ಬೇಕು. ಬರೆಯಲು ನಾಚಿಕೆಯೇನು, ನನ್ನ ಪುಸ್ತಕ, ನನ್ನ ಪೆನ್ನು. ಅವನ ಸಿಳ್ಳೆ ಬೇಕು, ಅವನ ಚಾಳಿ ಬೇಕು, ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುವಾಗ ಅವನು ಎಳೆದುಕೊಂಡು ಹೋಗುವ ಹೊದಿಕೆ ಕೂಡ ಬೇಕು.

ಏಪ್ರಿಲ್ ೨೯, ಮಂಗಳವಾರ

ಇಬ್ಬರಿಗಾಗುವಷ್ಟು ಅಡುಗೆ ಮಾಡಿಬಿಟ್ಟೆ. ಎರಡು ಹೊತ್ತೂ ಅದನ್ನೇ ತಿಂದೆ.

ಮೇ ೬, ಮಂಗಳವಾರ

ಇವತ್ತು ಅವನನ್ನು ನೋಡಿದೆ.

ಎರವಲು ವಿಭಾಗಗಳ ಮುಖ್ಯಸ್ಥರನ್ನು ವಿಚಾರಣೆಗೆ ಕರೆಸಿದ್ದರು. ಪಟ್ಟಿಯಲ್ಲಿ ಅವನ ಹುದ್ದೆ ಇದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದರೂ, ಬಾಗಿಲು ತೆರೆದು ಅವನು ಒಳಗೆ ಬಂದಾಗ ಜೋಡಿಸಿಟ್ಟ ಹಾಳೆಗಳನ್ನೇ ಮತ್ತೆ ಜೋಡಿಸಿದೆ. ತೆಳ್ಳಗಾಗಿದ್ದಾನೆ. ಅಂಗಿಯ ಕಾಲರು ಇಸ್ತ್ರಿ ಕಂಡಿಲ್ಲ. ಹೊಸ ಕನ್ನಡಕ. ಯಾವಾಗ ಕೊಂಡ, ಯಾರು ಆರಿಸಿಕೊಟ್ಟರು, ಕಣ್ಣು ಇನ್ನೂ ಕೆಟ್ಟಿದೆಯೇ? ಕೇಳುವ ಹಾಗಿಲ್ಲ. ಅವನ ಒಂದು ಪಕ್ಕದಲ್ಲಿ ಅವನ ಸಂಸ್ಥೆಯ ವಕೀಲ, ನನ್ನ ಪಕ್ಕದಲ್ಲಿ ಗೆರೆ ಸಾಹೇಬರು.

ಅಧ್ಯಕ್ಷರು ಎರಡು ಪ್ರಶ್ನೆ ಕೇಳಿ, ಮೂರನೆಯದರಲ್ಲಿ ತೊಡರಿಕೊಂಡು, "ಕರಡು ಬರೆದವರೇ ಕೇಳಲಿ" ಎಂದುಬಿಟ್ಟರು. ನಾನು ಗೆರೆ ಸಾಹೇಬರ ಮುಖ ನೋಡಿದೆ. ಅವರು ಪುಸ್ತಕ ತಿರುವಿದರು. ಇಡೀ ಸಭೆ ಕಾಯಿತು. ಕೊನೆಗೆ ಪಿಸುಗುಟ್ಟಿದರು, "ತುಂಬಿದ ಸಭೆಯ ಮಾತು ಸಂಪರ್ಕ ಅಲ್ಲ. ಕೇಳಿ."

ನನ್ನ ಗಂಡನಿಗೆ ಜೀವಮಾನದಲ್ಲಿ ಮೊದಲ ಸಲ ತಾವು ಎಂದೆ.

"ಇಂಥ ಷೇರು ಎರವಲು ಸಿಗುತ್ತದೆಯೇ ಎಂದು ಒಬ್ಬರು ಫೋನ್ ಮಾಡಿದರೆ ತಾವು ಏನು ಹೇಳುತ್ತೀರಿ?"

"ಸಿಗುತ್ತೆ ಅಂತೀನಿ."

"ಅದೇ ಷೇರಿಗೆ ಇನ್ನೊಬ್ಬರು ಕೇಳಿದರೆ?"

"ಅವರಿಗೂ ಸಿಗುತ್ತೆ ಅಂತೀನಿ."

"ಮತ್ತೊಬ್ಬರು?"

"ಅವರಿಗೂ."

"ತಮ್ಮಲ್ಲಿ ನಿಜಕ್ಕೂ ಇರುವುದು ಎಷ್ಟು ಜನಕ್ಕೆ ಸಾಲುತ್ತದೆ?"

ವಕೀಲ ಅವನ ತೋಳು ಮುಟ್ಟಿದ. ಅವನು ತೋಳು ಸರಿಸಿಕೊಂಡ. "ಒಬ್ಬರಿಗೆ" ಎಂದ.

ಸಭೆಯಲ್ಲಿ ಯಾರೋ ನಕ್ಕರು. ನಾನು ಕೇಳಿದೆ, "ಹಾಗಾದರೆ ಎಲ್ಲರಿಗೂ ಸಿಗುತ್ತದೆ ಎನ್ನುವುದು ಸುಳ್ಳಲ್ಲವೇ?"

ಅವನು ಮೊದಲ ಸಲ ನನ್ನ ಕಡೆ ನೇರವಾಗಿ ನೋಡಿದ. "ಹೇಳೋವಾಗ ಸುಳ್ಳು ಅನ್ಸಲ್ಲ ಮೇಡಂ. ಕೇಳಿದವರೆಲ್ಲ ಬಂದು ತಗೊಳ್ಳಲ್ಲ ಅನ್ನೋ ನಂಬಿಕೆ ಇರುತ್ತೆ. ನಾವು ಯಾರಿಗೂ ಮೋಸ ಮಾಡಬೇಕು ಅಂತ ಹೊರಟವರಲ್ಲ. ಆದ್ರೆ ಎಲ್ಲರೂ ಒಂದೇ ದಿನ ಬಂದು ನಿಂತ್ರೆ, ಕೊಡೋಕೆ ನಮ್ಮ ಹತ್ರ ನಂಬಿಕೆ ಮಾತ್ರ ಇರುತ್ತೆ."

ಮುಂದೆ ಕೇಳಲು ಹಾಳೆಯಲ್ಲಿ ಇನ್ನೂ ಪ್ರಶ್ನೆಗಳಿದ್ದವು. ಒಂದೂ ಕಾಣಿಸಲಿಲ್ಲ. ಧನ್ಯವಾದ ಎಂದೆ. ಅವನು ಎದ್ದು, ನಮಸ್ಕಾರ ಮಾಡಿ ಹೋದ. ಹೋಗುವಾಗ ಬಾಗಿಲನ್ನು ಮನೆಯಲ್ಲಿ ಹಾಕುವ ಹಾಗೆಯೇ ಹಿಡಿ ತಿರುಗಿಸಿ ಸದ್ದಾಗದಂತೆ ಹಾಕಿಕೊಂಡ.

ಮೇ ೭, ಬುಧವಾರ

"ಸಿಗುವುದೆಂಬ ಸಕಾರಣ ನಂಬಿಕೆ" ಎನ್ನುವುದನ್ನು ಹೊಡೆದು ಹಾಕಿದೆ. "ಮಾರುವ ಮೊದಲೇ ಮಾರುವವನ ಹೆಸರಿಗೆ ತೆಗೆದಿರಿಸಿರತಕ್ಕದ್ದು, ಒಮ್ಮೆ ತೆಗೆದಿರಿಸಿದ್ದನ್ನು ಇನ್ನೊಬ್ಬರಿಗೆ ಇದೆ ಎನ್ನತಕ್ಕದ್ದಲ್ಲ" ಎಂದು ಬರೆದೆ. ಲೆಕ್ಕ ತಪಾಸಣೆಯವರು ಕೈಕುಲುಕಿ, ಮಾರ್ಚಿನಲ್ಲಿ ತಾವೂ ಇದನ್ನೇ ಹೇಳಿದ್ದಾಗಿ ಜ್ಞಾಪಿಸಿದರು. ಆಗ ಪುರಾವೆ ಇರಲಿಲ್ಲ ಎಂದೆ.

ಮೇ ೧೮, ಭಾನುವಾರ

ಬೆಳಗ್ಗೆ ಎದ್ದವಳೇ ಅಮ್ಮನ ಮನೆಗೆ ಹೋಗಿ, ಅವಳನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಕಣ್ಣಿನ ಆಸ್ಪತ್ರೆಗೆ ಹೋದೆ.

"ಏನೇ ಇದು, ಹೇಳದೆ ಕೇಳದೆ ಬಂದ್ಬಿಟ್ಟೆ? ತಲೆ ಬಾಚ್ಕೊಳ್ಳೋಕೂ ಬಿಡಲಿಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದಳು.

ಕಣ್ಣಿಗೆ ಹನಿ ಹಾಕಿ ಹೊರಗೆ ಕೂರಿಸಿದ್ದರು. ಕಣ್ಣು ಮುಚ್ಚಿಕೊಂಡೇ ಅಮ್ಮ ನನ್ನ ಕೈ ಹಿಡಿದುಕೊಂಡಳು. "ನೋಡು, ಒಂದು ಮಾತು ಹೇಳಲೇಬೇಕು. ಅವನ..."

"ಅಮ್ಮ, ಬೇಡ."

"ಕೇಳಿಸ್ಕೊಳ್ಳೇ. ಇದು ಆಫೀಸಿನ ವಿಷಯ ಅಲ್ಲ. ಅಲ್ಲ, ಆಫೀಸಿನದೇ, ಆದ್ರೆ..."

"ಆಣೆ ಮಾಡಿದ್ದೀಯ. ಇನ್ನೇನು ಮೂರೋ ನಾಲ್ಕೋ ವಾರ. ದಡಕ್ಕೆ ಬಂದು ಮುಳುಗಿಸಬೇಡ."

ಅಮ್ಮ ಬಾಯಿ ಮುಚ್ಚಿದಳು. ಕೈ ಬಿಡಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯುತ್ತಿತ್ತು. ಹನಿಯ ಔಷಧಿ ಉರಿ ಎಂದಳು. ನನಗೂ ಕೇಳಬೇಕೆಂದು ಎಷ್ಟು ಆಸೆಯಾಗಿತ್ತೆಂದರೆ, ಎದ್ದು ಹೋಗಿ ನೀರು ಕುಡಿದು ಬಂದೆ.

ಮೇ ೨೮, ಬುಧವಾರ

ಔಷಧಿ ಅಂಗಡಿಯವನಿಗೆ ನನ್ನ ಗುರುತು ಹತ್ತಿಬಿಟ್ಟಿದೆ. ಬರಿದೆ ನಿಲ್ಲಲು ಸಂಕೋಚವಾಗಿ ಕೆಮ್ಮಿನ ಔಷಧಿ ಕೊಳ್ಳುತ್ತೇನೆ. ಮನೆಯಲ್ಲಿ ಬಾಟಲಿಗಳ ಸಾಲೇ ಆಗಿದೆ.

ನಾಲ್ಕನೆಯ ಮಹಡಿಯ ಕಿಟಕಿಯ ಪರದೆ ಈಚೆಗೆ ಯಾವಾಗಲೂ ಇಳಿದೇ ಇರುತ್ತದೆ. ಪಶ್ಚಿಮದ ಬಿಸಿಲು ಅವನಿಗೆ ಆಗುವುದಿಲ್ಲ, ತಲೆನೋವು ಬರುತ್ತದೆ. ಹೊಸ ಕನ್ನಡಕವೂ ಇನ್ನೂ ಹೊಂದಿಕೊಂಡಿರಲಿಕ್ಕಿಲ್ಲ.

ಜೂನ್ ೧೨, ಗುರುವಾರ

ಬೆಳಗ್ಗೆ ಹನ್ನೊಂದರ ಸುಮಾರಿಗೆ ನಿಯಮ ಪ್ರಕಟವಾಯಿತು. ಒಂದು ಅಲ್ಪವಿರಾಮವೂ ಬದಲಾಗಿಲ್ಲ. ಚಪ್ಪಾಳೆ ತಟ್ಟಿದರು, ಕೇಕು ಕತ್ತರಿಸಿದರು. ನಾನು ಕೇಕಿನ ತುಂಡು ಕೈಯಲ್ಲಿ ಹಿಡಿದುಕೊಂಡೇ ಗೆರೆ ಸಾಹೇಬರ ಕೋಣೆಗೆ ಓಡಿದೆ.

"ಈಗ ಫೋನ್ ಮಾಡಬಹುದಾ ಸರ್?"

ಅವರು ಬೆಪ್ಪಾಗಿ ನನ್ನನ್ನು ನೋಡಿದರು. "ನಿಮಗೆ ಯಾವತ್ತೋ ಬಿಡುಗಡೆ ಆಗಿದೆಯಲ್ಲ ಮೇಡಂ. ಅವರನ್ನ ಸಂಸ್ಥೆಯವರು ಕೆಲಸದಿಂದ ತೆಗೆದರಲ್ಲ, ಅವತ್ತೇ. ವಿಚಾರಣೆ ಆದ ವಾರ. ಆಮೇಲೆ ಅವರಿಗೂ ಮಾರುಕಟ್ಟೆಗೂ ಸಂಬಂಧ ಇಲ್ಲ, ನಿಮಗೂ ಗೆರೆ ಇಲ್ಲ. ನಾನೇ ಅವರಿಗೆ ಫೋನ್ ಮಾಡಿ ಹೇಳಿದೆ."

"ಅವರಿಗೆ ಹೇಳಿದಿರಿ. ನನಗೆ?"

"ಗಂಡ ಹೆಂಡತಿಗೆ ಹೇಳಲ್ವಾ ಅಂದ್ಕೊಂಡೆ" ಎಂದರು. ಪಾಪ, ಪುಸ್ತಕದ ಕಡೆ ಅವರ ಕೈ ಹೋಗಿ, ಅಲ್ಲೇ ನಿಂತಿತು.

ಅವನ ಅಕ್ಕನ ಮನೆಗೆ ಹೇಗೆ ಹೋದೆನೋ ತಿಳಿಯದು. ಅತ್ತಿಗೆ ಬಾಗಿಲು ತೆರೆದು, "ಈಗ ಬಂದ್ಯಾ ತಾಯಿ" ಎಂದಷ್ಟೇ ಹೇಳಿ ಒಳಕೋಣೆ ತೋರಿಸಿದರು. ಮಂಚದ ಮೇಲೆ ಸೂಟ್‌ಕೇಸು ತೆರೆದಿತ್ತು. ಅವನು ಅಂಗಿ ಮಡಚುತ್ತಿದ್ದ.

"ಯಾಕೆ ಫೋನ್ ಮಾಡಲಿಲ್ಲ ನೀನು?" ಕಿರುಚಿದೆನೇನೋ.

"ನೀನ್ಯಾಕೆ ಮಾಡಲಿಲ್ಲ?" ಅವನ ದನಿ ಮೆತ್ತಗಿತ್ತು. "ನಿನ್ನ ಆಫೀಸು. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ. ಮೊದಲ ದಿನ ಫೋನ್ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಕೆಲಸ ಇರಬಹುದು, ಭಾನುವಾರ ಮಾಡ್ತಾಳೆ ಅಂದ್ಕೊಂಡೆ. ಭಾನುವಾರ ಹೋಯ್ತು. ನಿಮ್ಮಮ್ಮನ್ನ ಕೇಳಿದ್ರೆ, 'ನಿನ್ನ ಹೆಸರೆತ್ತಿದ್ರೆ ಅವಳು ಎದ್ದೇ ಹೋಗ್ತಾಳಪ್ಪಾ' ಅಂದ್ರು."

ಅವನು ಮಡಚಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದ.

"ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ಬಂದರಿನ ಹತ್ರ ಒಂದು ಉಗ್ರಾಣ. ಬಂದ ಸರಕು ನೋಡಿ ರಸೀದಿ ಕೊಡೋದು. ಇರೋದನ್ನ ಮಾತ್ರ ಇದೆ ಅನ್ನೋ ಕೆಲಸ." ನಗಲು ನೋಡಿದ. "ಬೇಗ ಉತ್ತರ ಹೇಳಿ ಅಂದ್ರು. ಯಾರನ್ನ ಕೇಳಲಿ? ಹೂಂ ಅಂದೆ. ಭಾನುವಾರ ಹೊರಡಬೇಕು."

"ಅವತ್ತು ಸಭೆಯಲ್ಲಿ ನನಗೋಸ್ಕರ ಹಾಗೆ ಹೇಳಿದ್ಯಾ?"

"ಇಲ್ಲ. ನೀನು ಕೇಳಿದೆ, ಅದಕ್ಕೆ ಹೇಳಿದೆ." ಅಂಗಿಯನ್ನು ಸೂಟ್‌ಕೇಸಿನಲ್ಲಿಟ್ಟ. "ಇನ್ನೇನಾದ್ರೂ ಕೇಳ್ತೀಯ ಅಂತ ಆಮೇಲೂ ಕಾಯ್ತಾ ಇದ್ದೆ."

ಅಲ್ಲೇ ಮಂಚದ ತುದಿಯಲ್ಲಿ ಕೂತು ಅತ್ತೆ. ಅವನು ಪಕ್ಕದಲ್ಲಿ ಕೂತ. ತೋಳಿಗೆ ತೋಳು ತಾಗುತ್ತಿತ್ತು. ಎಷ್ಟೋ ಹೊತ್ತಾದ ಮೇಲೆ ಅವನೇ ಹೇಳಿದ, "ನಿಯಮ ಓದಿದೆ. ಚೆನ್ನಾಗಿ ಬಂದಿದೆ. ನನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳು. ನನಗೂ ಇಲ್ಲ. ಆದ್ರೆ ಮುಂದಿನ ತಿಂಗಳು ಬರ್ತೀನಿ ಅಂತ ಮಾತ್ರ ಹೇಳಬೇಡ. ಅದನ್ನ ನಂಬಿಕೊಂಡು ಅಲ್ಲಿ ಕೂರೋಕೆ ನನ್ನ ಕೈಲಿ ಆಗಲ್ಲ."

ಜೂನ್ ೧೫, ಭಾನುವಾರ

ರೈಲು ನಿಲ್ದಾಣದಲ್ಲಿ ಜನವೋ ಜನ. ಅವನ ಸೂಟ್‌ಕೇಸನ್ನು ನಾನೇ ಎತ್ತಿಕೊಂಡೆ, ಅವನು ಬಿಡಿಸಿಕೊಂಡ, ನಾನು ಮತ್ತೆ ಕಿತ್ತುಕೊಂಡೆ. ಕೊನೆಗೆ ಇಬ್ಬರೂ ಒಂದೊಂದು ಕಡೆ ಹಿಡಿದುಕೊಂಡು ನಡೆದೆವು.

ಕಿಟಕಿಯ ಸರಳಿನ ಮೇಲೆ ಅವನ ಕೈ ಇತ್ತು. ರೈಲು ಅಲುಗಿದಾಗ ನಾನು ಬಾಯಿ ತೆರೆದೆ.

"ಏನೋ ಹೇಳೋಕೆ ಬಂದೆ" ಎಂದ.

"ಏನಿಲ್ಲ. ಸಂಜೆ ಬಿಸಿಲಲ್ಲಿ ಓಡಾಡಬೇಡ."

ಅವನು ತಲೆಯಾಡಿಸಿದ. ರೈಲು ಹೋಯಿತು. ಮನೆಗೆ ಬಂದು ಚಿಲಕ ಹಾಕಿ, ಅಲ್ಲೇ ಬಾಗಿಲಿಗೆ ಒರಗಿ ನಿಂತೆ. ಅತ್ತ ಅವನು ಯಾವ ಬಾಗಿಲಿಗೆ ಚಿಲಕ ಹಾಕುತ್ತಾನೋ, ಯಾರನ್ನು ಕೇಳುತ್ತಾನೋ.

ಜೂನ್ ೧೬, ಸೋಮವಾರ

ನಿರ್ದೇಶಕಿ ಮುಂದಿನ ಕರಡಿನ ಕಡತವನ್ನು ಮೇಜಿನ ಮೇಲಿಟ್ಟರು. "ಇದನ್ನೂ ನೀವೇ ಮಾಡಬೇಕು. ಯಾವಾಗ ಮುಗಿಸ್ತೀರಿ?"

ಗೊತ್ತಿಲ್ಲ ಎಂದೆ. ಅವರು ಆಶ್ಚರ್ಯದಿಂದ ನೋಡಿದರು. ನನ್ನ ಬಾಯಿಂದ ಆ ಪದವನ್ನು ಅವರು ಎಂದೂ ಕೇಳಿರಲಿಲ್ಲವಂತೆ.

ಜೂನ್ ೨೦, ಶುಕ್ರವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರಗಳು ಸೊಟ್ಟಗೆ ಬೀಳುತ್ತಿವೆ.

ಉಳಿದಿರುವ ರಜೆಯನ್ನೆಲ್ಲ ಒಟ್ಟಿಗೆ ಕೇಳಿದೆ. ನಿರ್ದೇಶಕಿ ಸಹಿ ಹಾಕುವವರೆಗೆ ಎದುರಿಗೇ ನಿಂತಿದ್ದೆ. ಹೊಸ ಕರಡು ಲೆಕ್ಕ ತಪಾಸಣೆಯವರ ಪಾಲಾಯಿತು. ಟಿಕೆಟ್ ತೆಗೆದುಕೊಂಡ ಮೇಲೆ ಅಮ್ಮನಿಗೆ ಹೇಳಿದೆ. ಅವಳು ಖುಷಿಯಾಗಿ, "ಇರು, ಈಗಲೇ ಅವನಿಗೆ ಫೋನ್ ಮಾಡಿ ತಿಳಿಸ್ತೀನಿ" ಎಂದಳು.

ಬೇಡ ಎಂದೆ.

"ಮತ್ತೆ ಶುರುವಾಯ್ತಾ ನಿನ್ನ ಬೇಡ? ಈಗಂತೂ ಗೆರೆ ಇಲ್ಲ, ಗಿರೆ ಇಲ್ಲ. ಗೊತ್ತಿದ್ರೆ ದಾರಿ ನೋಡ್ತಾ ಇರ್ತಾನಲ್ಲೇ."

ಅದೇ ಬೇಡ ಎನಿಸಿತು. ಯಾಕೋ ಬಿಡಿಸಿ ಹೇಳಲು ಆಗಲಿಲ್ಲ. ರೈಲು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದು, ಅವನು ಕೆಲಸಕ್ಕೆ ಹೋಗಿರಬಹುದು, ನನ್ನನ್ನು ನೋಡಿ ಅವನಿಗೆ ಸಂತೋಷವಾಗದೆಯೂ ಇರಬಹುದು. ಬಾಗಿಲು ಹಾಕಿದ್ದರೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಕಾಯುವುದು ಈ ಸಲ ನನ್ನ ಪಾಲಿಗಿರಲಿ.

ಎದುರಿನ ಸೀಟಿನ ಅಜ್ಜಿ ಎಲ್ಲಿಗೆ ಹೋಗುತ್ತಿದ್ದೀಯ ಮಗಳೇ ಎಂದು ಕೇಳಿದರು. ಮನೆಗೆ ಎಂದೆ. ಇನ್ನು ಬರೆಯುವುದು ಸಾಕು, ಕಿಟಕಿಯಾಚೆ ಉಗ್ರಾಣಗಳ ತಗಡಿನ ಮಾಡುಗಳು ಕಾಣುತ್ತಿವೆ. ಬಂದಿದ್ದೇನೆ ಎನ್ನುವುದನ್ನು ಅವನಿಗೆ ಬಾಗಿಲು ತಟ್ಟಿದ ಮೇಲೆ ಹೇಳಿದರಾಯಿತು.